ಮಹಾವ್ಯಾಧ ನೀಹಾರಿಕೆ ಫೋಟೋದಲ್ಲಿ ಕಪ್ಪು ಕಲೆ, ಸೆನ್ಸರ್ ಧೂಳಾ?

ಸೋಮವಾರಪೇಟೆ ಹುಡುಗ:
ಎಲ್ರಿಗೂ ನಮಸ್ಕಾರ. ಮೊನ್ನೆ ರಾತ್ರಿ ಮಂಜು ಇಳಿಯೋದ್ರೊಳಗೆ ಕಾಫಿ ಕಣದಲ್ಲಿ ಟ್ರೈಪಾಡ್ ಇಟ್ಟು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕತ್ತಿಯಲ್ಲಿರೋ ನೀಹಾರಿಕೆ, ಅಂದ್ರೆ ಹೊಳೆಯೋ ಗ್ಯಾಸಿನ ಮೋಡ, ತೆಗ್ದೆ, 200 ಎಂಎಂ ಲೆನ್ಸ್, ಎಫ್ 4 (ಲೆನ್ಸ್ ಕಿಂಡಿಯ ಅಳತೆ), ನಕ್ಷತ್ರದ ಜೊತೆ ಕ್ಯಾಮೆರಾ ತಿರುಗಿಸೋ ಟ್ರ್ಯಾಕರ್ ಮೇಲೆ 30 ಸೆಕೆಂಡಿನ 60 ಫೋಟೋ ಸೇರಿಸಿದ್ದು. ಬಣ್ಣ ಚೆನ್ನಾಗೇ ಬಂದಿದೆ ಆದ್ರೆ ಬೆಳ್ಳಗಿರೋ ನಡುಭಾಗಕ್ಕೆ ಏನೋ ಕಪ್ಪಗೆ ನುಗ್ಗಿದ ಹಾಗಿದೆ. ಬ್ಲೋವರ್ ಹೊಡೆದು ನಿನ್ನೆ ಮತ್ತೆ ತೆಗ್ದೆ, ಹಾಗೇ ಇದೆ. ಸದ್ಯಕ್ಕೆ ಎಡಿಟಿಂಗಲ್ಲಿ ಅಳಿಸಿದೀನಿ. ಸರ್ವಿಸ್‌ಗೆ ಮೈಸೂರಿಗೆ ಹೋಗ್ಬೇಕು, ಕಾಫಿ ಕುಯ್ಲಿನ ಟೈಮಲ್ಲಿ ಆಗಲ್ಲ.

ವಿರಾಜಪೇಟೆ ಅಕ್ಕ:
ಸೆನ್ಸರ್ ಮುಟ್ಟಬೇಡ ತಮ್ಮ. ಫ್ರೇಮನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ ಒಂದು ತೆಗಿ. ಧೂಳಾದ್ರೆ ಕಲೆ ಫ್ರೇಮಲ್ಲಿ ಅದೇ ಜಾಗದಲ್ಲಿ ಕೂತಿರತ್ತೆ, ನಕ್ಷತ್ರ ಮಾತ್ರ ಸರಿಯತ್ತೆ. ಎಫ್ 4ರಲ್ಲಿ ಧೂಳು ಮಸುಕು ಮಸುಕಾಗಿ ದುಂಡಗೆ ಬರತ್ತೆ, ಇಷ್ಟು ಚೂಪು ಅಂಚು ಬರಲ್ಲ.

ಸೋಮವಾರಪೇಟೆ ಹುಡುಗ:
ಅಕ್ಕಾ, ಕಲೆ ನಕ್ಷತ್ರದ ಜೊತೆನೇ ಸರೀತು! ಹಾಗಾದ್ರೆ ಅಲ್ಲಿ ಖಾಲಿ ಜಾಗನಾ?

ವಿರಾಜಪೇಟೆ ಅಕ್ಕ:
ಖಾಲಿ ಅಲ್ಲ ಕಣೋ, ಧೂಳು ಗ್ಯಾಸು ತುಂಬಿರೋ ಮೋಡ ಅದು, ಹಿಂದಿನ ಬೆಳಕಿಗೆ ಅಡ್ಡ ನಿಂತಿದೆ, ಮೀನಿನ ಬಾಯಿ ಅಂತಾರೆ. ಇಲ್ಲಿಂದ ಸುಮಾರು 1,300 ಜ್ಯೋತಿರ್ವರ್ಷ ದೂರ. ನೀಹಾರಿಕೆ ಹಿಂದೆ ಇದಕ್ಕಿಂತ ಎಷ್ಟೋ ದೊಡ್ಡ ತಣ್ಣನೆ ಮೋಡ ಇದೆ, ಅಲ್ಲಿ ಈಗ್ಲೂ ನಕ್ಷತ್ರ ಹುಟ್ತಿವೆ. ನಮ್ಮ ಕ್ಯಾಮೆರಾಗೆ ಸಿಗಲ್ಲ, ಧೂಳು ದಾಟಿ ಬರೋದು ಇನ್‌ಫ್ರಾರೆಡ್ ಬೆಳಕು.

ಭಾಗಮಂಡಲದವ:
ನಕ್ಷತ್ರ ಹುಟ್ಟೋಕೆ ಬಿಸಿ ಬೇಕಲ್ವಾ ಅಕ್ಕ, ತಣ್ಣನೆ ಮೋಡ ಯಾಕೆ?

ವಿರಾಜಪೇಟೆ ಅಕ್ಕ:
ನನಗೂ ಮೊದ್ಲು ಇದೇ ತಲೆಗೆ ಹೋಗ್ತಿರ್ಲಿಲ್ಲ. ಬಿಸಿಯಿದ್ರೆ ಗ್ಯಾಸಿನ ಒತ್ತಡ ಹೊರಗೆ ತಳ್ಳತ್ತೆ, ಮೋಡ ಕುಸಿಯಲ್ಲ. ಮೈನಸ್ 260 ಡಿಗ್ರಿ ಆಸುಪಾಸಲ್ಲಿದ್ರೆ ಒತ್ತಡ ಕಮ್ಮಿ, ತೂಕ ಸಾಕಷ್ಟಿದ್ರೆ ಗುರುತ್ವನೇ ಗೆಲ್ಲತ್ತೆ, ಎಷ್ಟು ತೂಕ ಬೇಕು ಅನ್ನೋ ಲೆಕ್ಕನ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲೇ ಹಾಕಿದ್ರು. ಕುಸಿಯೋವಾಗ ಬರೋ ಶಾಖನ ಧೂಳು, ಕಾರ್ಬನ್ ಮಾನಾಕ್ಸೈಡ್ ಅಣುಗಳು ಹೊರಗೆ ಸೂಸ್ತಾ ಇರ್ತವೆ, ಅದಕ್ಕೇ ಕುಸಿತ ನಿಲ್ಲಲ್ಲ. ನಡುಭಾಗ ತೀರಾ ದಟ್ಟ ಆದ್ಮೇಲೆ ಶಾಖಕ್ಕೆ ಹೊರಗೆ ಹೋಗೋಕೆ ದಾರಿಯಿಲ್ಲ, ಆಗ ಬಿಸಿ ಏರೋಕೆ ಶುರು, ಸುಮಾರು 1 ಕೋಟಿ ಡಿಗ್ರಿಗೆ ಹೈಡ್ರೋಜನ್ ಸಮ್ಮಿಲನ, ಅಂದ್ರೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗೋದು. ಸೂರ್ಯನಂಥದ್ದು ಆ ಹಂತದಲ್ಲಿ ನೆಲೆ ನಿಲ್ಲೋಕೆ 5 ಕೋಟಿ ವರ್ಷದಷ್ಟು ಬೇಕು. ಸುತ್ತೋ ಗ್ಯಾಸು ತಟ್ಟೆ ಥರ ಚಪ್ಪಟೆ ಆಗತ್ತೆ, ಗ್ರಹ ಆಗೋದು ಅದ್ರಲ್ಲೇ.

ಹುಡುಗ, ಬೆಳ್ಳಗೆ ಸುಟ್ಟಿರೋ ಭಾಗಕ್ಕೆ 3, 5 ಸೆಕೆಂಡಿನವು ಬೇರೆ ತೆಗೆದು ಸೇರ್ಸು, ಅಲ್ಲಿರೋ ನಾಲ್ಕು ಎಳೆ ನಕ್ಷತ್ರದ ಗುಂಪು ಕಾಣತ್ತೆ. ಆ ಕಪ್ಪನ್ನ ಮಾತ್ರ ಅಳಿಸಬೇಡ.

ಸೋಮವಾರಪೇಟೆ ಹುಡುಗ:
ಅಳಿಸಿದ್ದ ಫೈಲ್ ಡಿಲೀಟ್ ಮಾಡ್ದೆ ಅಕ್ಕ. ಇವತ್ತು ಮಂಜು ಬೇಗ ಇಳ್ದಿದೆ, ನಾಳೆ ತೆಗೆದು ಹಾಕ್ತೀನಿ.