ಈ ಅಕ್ಟೋಬರ್‌ನಲ್ಲಿ ಚಿಮ್ನಿ ರಾಕ್ ಕಡೆ ಹೋಗುವುದಾ, ಬೇಡ್ವಾ? ಅಲ್ಲಿಯವರಿಗೆ ಏನು ಮಾಡಿದರೆ ನಿಜಕ್ಕೂ ಉಪಯೋಗ?

ಷಾರ್ಲೆಟ್ ರಜನಿ · 2024 ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ನಾರ್ತ್ ಕೆರೊಲಿನಾದ ಷಾರ್ಲೆಟ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಪ್ರತಿ ಅಕ್ಟೋಬರ್‌ನಲ್ಲೂ ಎಲೆ ಬಣ್ಣ ತಿರುಗುವ ಹೊತ್ತಿಗೆ ಮೂರು ಮನೆಯವರು ಸೇರಿ ಲೇಕ್ ಲೂರ್ ಹತ್ತಿರ ಒಂದು ಕ್ಯಾಬಿನ್ ಹಿಡಿಯುತ್ತೇವೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬ್ಲೂ ರಿಡ್ಜ್ ಪಾರ್ಕ್‌ವೇಯಲ್ಲಿ ಒಂದು ಸುತ್ತು, ಹೆಂಡರ್ಸನ್‌ವಿಲ್‌ನಲ್ಲಿ ಸೇಬು ಕೀಳುವುದು, ಆಮೇಲೆ ಚಿಮ್ನಿ ರಾಕ್ ಅನ್ನುವ ಬಂಡೆಯ ಪಾರ್ಕ್. ಅಲ್ಲಿ 499 ಮೆಟ್ಟಿಲು. ನಮ್ಮ ಅತ್ತೆ ಮೈಸೂರಿನವರು. "ಚಾಮುಂಡಿ ಬೆಟ್ಟದ ಅರ್ಧವೂ ಇಲ್ಲ" ಅಂತ ಹೇಳಿ ಎರಡು ಸಲ ಹತ್ತಿದ್ದಾರೆ.

ಕ್ಯಾಬಿನ್ ಯಜಮಾನಿಗೆ ಎಪ್ಪತ್ತು ದಾಟಿದೆ. ಒಬ್ಬರೇ ಇರುತ್ತಾರೆ. ನಾವು ಹೋಗುವ ದಿನ ಜಗಲಿಯ ಮೇಲೆ ಒಂದು ಚೀಲ ಸೇಬು ಇಟ್ಟಿರುತ್ತಾರೆ. ಹೋದ ವರ್ಷ ಅತ್ತೆ ಅವರಿಗೆ ಒಬ್ಬಟ್ಟು ಮಾಡಿಕೊಟ್ಟಿದ್ದರು. ಈ ಸಲ ಜೂನ್‌ನಲ್ಲೇ ಮೆಸೇಜ್ ಮಾಡಿ "ಆ ಸಿಹಿ ರೊಟ್ಟಿ ಮತ್ತೆ ತರುತ್ತೀರಾ?" ಅಂತ ಕೇಳಿದ್ದರು.

ಹೆಲೀನ್ ಚಂಡಮಾರುತ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾಗೆ ಅಪ್ಪಳಿಸಿ, ಮಾರನೇ ಬೆಳಿಗ್ಗೆ ನಮ್ಮ ಬೆಟ್ಟಗಳ ಮೇಲೆ ಬಂತು. ನಮ್ಮ ಮನೆಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಅದನ್ನೇ ದೊಡ್ಡದು ಅಂದುಕೊಂಡಿದ್ದೆವು. ಆಮೇಲೆ ವಿಡಿಯೊ ನೋಡಿದೆ. ಚಿಮ್ನಿ ರಾಕ್ ಹಳ್ಳಿಯ ಒಂದೇ ಒಂದು ಬೀದಿ, ನಾವು ಐಸ್‌ಕ್ರೀಮ್ ತಿನ್ನುತ್ತಿದ್ದ ಬೀದಿ, ಅರ್ಧ ನದಿಯೊಳಗೆ ಹೋಗಿದೆ. ಆ ಮನೆ, ಅಂಗಡಿಗಳ ಹಲಗೆಗಳೆಲ್ಲ ಕೆಳಗೆ ಲೇಕ್ ಲೂರ್‌ನಲ್ಲಿ ತೇಲುತ್ತಿವೆ. ನೀರೇ ಕಾಣುವುದಿಲ್ಲ.

ನಮ್ಮ ಬುಕಿಂಗ್ ಇದೇ 18ಕ್ಕೆ ಇತ್ತು. ಮುಂಗಡ 640 ಡಾಲರ್ ಕೊಟ್ಟಾಗಿದೆ. ಪೂರ್ತಿ ವಾಪಸ್ ಕೊಡುತ್ತೇವೆ, ಒಂದು ಬಟನ್ ಒತ್ತಿ ಅಂತ ಬುಕಿಂಗ್ ಸೈಟ್‌ನಿಂದ ಇಮೇಲ್ ಬಂದಿದೆ. ಒತ್ತು ಅಂತಾರೆ ನಮ್ಮ ಯಜಮಾನರು. ನನಗೆ ಕೈ ಬರುತ್ತಿಲ್ಲ. ಯಜಮಾನಿ ಕ್ಷೇಮವಾಗಿದ್ದಾರೆ ಅಂತ ಗೊತ್ತಾಗಿದೆ, ಮಗಳ ಮನೆಯಲ್ಲಿದ್ದಾರಂತೆ. ಅಷ್ಟೇ ಗೊತ್ತು.

ಇನ್ನೊಂದು ವಿಷಯ. ನಮ್ಮ ಕನ್ನಡ ಗುಂಪಿನಲ್ಲಿ ಮೂರೇ ದಿನದಲ್ಲಿ 4,300 ಡಾಲರ್ ಸೇರಿದೆ. ಇದನ್ನು ಸಾಮಾನು ಮಾಡಿ ಒಯ್ಯಬೇಕಾ, ದುಡ್ಡಾಗಿ ಕೊಡಬೇಕಾ? ನಾವೇ ಹೋಗಿ ಕೈಲಾದ ಕೆಲಸ ಮಾಡಿದರೆ ಹೇಗೆ? ಅನುಭವ ಇರುವವರು ಹೇಳಿ.

ನಮ್ ಕೇರಿ ಹುಡುಗ · 2024 ಅಕ್ಟೋಬರ್ 7

ರಜನಿ ಅವರೇ, ನಾವು ರಾಲಿ ಪಕ್ಕದ ಕೇರಿ ಊರಿನವರು. ಶನಿವಾರ ಒಂದು ಬಾಡಿಗೆ ಟ್ರಕ್ ಹೊರಡುತ್ತಿದೆ. ಬಟ್ಟೆ, ಹೊದಿಕೆ, ನೀರಿನ ಬಾಟಲಿ, ಆಟದ ಸಾಮಾನು ಎಲ್ಲ ತುಂಬಿದ್ದೇವೆ. ಇನ್ನೂ ಜಾಗ ಇದೆ. ಸೇರಿಕೊಳ್ಳುತ್ತೀರಾ? ಬರುವಾಗ ಹಾಗೇ ಆಶ್‌ವಿಲ್ ನೋಡಿಕೊಂಡು ಬರೋಣ.

ಬಕೆಟ್ ಚೊಂಬು · 2024 ಅಕ್ಟೋಬರ್ 8

ನಾನು ಇರುವುದೇ ಆಶ್‌ವಿಲ್‌ನಲ್ಲಿ. ನಿನ್ನೆಯಷ್ಟೇ ಫೋನ್ ಸರಿಯಾಗಿ ಹಿಡಿಯಿತು. ಇಲ್ಲಿ ಕನ್ನಡದವರು ಬೆರಳೆಣಿಕೆಯಷ್ಟು. ಅದಕ್ಕೇ ಬರೆಯುತ್ತಿದ್ದೇನೆ.

ಕೇರಿ ತಮ್ಮ, ಸಿಟ್ಟಾಗಬೇಡಿ. ಆ ಟ್ರಕ್ ಈಗ ಬೇಡ. ಮೊನ್ನೆ ಒಂದು ಚರ್ಚ್ ಅಂಗಳದಲ್ಲಿ ಬಟ್ಟೆ ವಿಂಗಡಿಸಲು ನಿಂತಿದ್ದೆ. ಆರು ಜನ, ಅರ್ಧ ದಿನ. ಒಂದು ಚೀಲದಲ್ಲಿ ಈಜುಡುಗೆ ಇತ್ತು. ಅಷ್ಟು ಹೊತ್ತಿಗೆ ಹತ್ತು ಮನೆಯ ಕೆಸರು ಎತ್ತಬಹುದಿತ್ತು. ರಸ್ತೆಯ ಕಥೆಯೂ ಹಾಗೇ. ಪಶ್ಚಿಮದ ಕಡೆಯ ರಸ್ತೆಗಳೆಲ್ಲ ಮುಚ್ಚಿವೆ ಅಂತಲೇ ತಿಳಿದುಕೊಳ್ಳಿ, ತುರ್ತು ಇಲ್ಲದಿದ್ದರೆ ಬರಬೇಡಿ ಅಂತ ರಾಜ್ಯ ಸಾರಿಗೆ ಇಲಾಖೆಯವರು ಸುಮ್ನೆ ಹೇಳಿದ್ದಲ್ಲ. ಟೆನೆಸಿಗೆ ಹೋಗುವ ಐ-40 ಹೆದ್ದಾರಿಯಲ್ಲಿ ಪಿಜನ್ ನದಿಯ ಕಡೆಯ ಲೇನ್‌ಗಳು ಕುಸಿದು ಕೆಳಗೆ ಹೋಗಿವೆ. ಉಳಿದಿರುವ ದಾರಿಯಲ್ಲಿ ಕರೆಂಟ್ ಕಂಬದ ಲಾರಿ ಮುಂದೆ ಹೋಗಬೇಕಾ, ನಮ್ಮ ಆಟದ ಸಾಮಾನು ಹೋಗಬೇಕಾ?

ಇಷ್ಟೊಂದು ಹಾನಿ ಯಾಕಾಯಿತು ಅಂತ ಎಲ್ಲರೂ ಕೇಳುತ್ತಾರೆ. ಸಮುದ್ರದಿಂದ ಇಷ್ಟು ದೂರದ ಬೆಟ್ಟದ ಊರು, ಚಂಡಮಾರುತಕ್ಕೆ ಯಾರೂ ತಯಾರಿರಲಿಲ್ಲ. ಅದು ಬರುವುದಕ್ಕೆ ಮುಂಚೆಯೇ ಎರಡು ದಿನ ಜಡಿಮಳೆ ಹೊಡೆದು ನೆಲ ನೀರು ಕುಡಿದು ಕೂತಿತ್ತು. ಬಂಡೆಯ ಮೇಲೆ ತೆಳ್ಳಗೆ ಮಣ್ಣು. ಮರದ ಸಮೇತ ಜಾರಿತು. ಮಿಚೆಲ್ ಬೆಟ್ಟದ ಕೆಳಗಿನ ಬ್ಯೂಸಿಕ್‌ನಲ್ಲಿ ಮೂರು ದಿನಕ್ಕೆ 30 ಇಂಚಿಗೂ ಜಾಸ್ತಿ ಮಳೆ. ನಮ್ಮೂರಿನ ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ, 1916ರ ಪ್ರವಾಹದ ದಾಖಲೆಯನ್ನೂ ಮುರಿಯಿತು. ನದಿ ದಂಡೆಯ ಹಳೇ ಗೋದಾಮುಗಳಲ್ಲಿ ಕುಂಬಾರರು, ಚಿತ್ರ ಬರೆಯುವವರು ಸ್ಟುಡಿಯೊ ಮಾಡಿಕೊಂಡಿದ್ದರಲ್ಲ, ರಿವರ್ ಆರ್ಟ್ಸ್ ಡಿಸ್ಟ್ರಿಕ್ಟ್ ಅಂತ? ಅದರಲ್ಲಿ ಬಹುಪಾಲು ಮುಳುಗಿತು. ಬೆಟ್ಟದವರಲ್ಲಿ ಪ್ರವಾಹದ ಇನ್ಶೂರೆನ್ಸ್ ಮಾಡಿಸಿದವರು ತೀರಾ ಕಡಿಮೆ. ಬೆಟ್ಟದ ಮೇಲೆ ಪ್ರವಾಹ ಅಂದರೆ ಯಾರು ನಂಬುತ್ತಾರೆ?

ಇವತ್ತಿಗೆ ಹನ್ನೆರಡು ದಿನ, ನಮ್ಮ ಮನೆಯ ನಲ್ಲಿಯಲ್ಲಿ ಒಂದು ಹನಿ ಇಲ್ಲ. ನಾರ್ತ್ ಫೋರ್ಕ್ ಜಲಾಶಯದಿಂದ ಬರುವ ದೊಡ್ಡ ಪೈಪ್‌ಗಳೇ ಕೊಚ್ಚಿಹೋಗಿವೆ. ಟಾಯ್ಲೆಟ್‌ಗೆ ಹಳ್ಳದಿಂದ ನೀರು ಹೊತ್ತು ತರುತ್ತೇವೆ. ಒಂದು ಬಕೆಟ್, ಒಂದು ಚೊಂಬಿನಲ್ಲಿ ಸ್ನಾನ ಮುಗಿಸುವುದು ಹೇಗೆ ಅಂತ ಪಕ್ಕದ ಮನೆಯ ಅಮೆರಿಕನ್ ದಂಪತಿಗೆ ನಾನೇ ಹೇಳಿಕೊಟ್ಟೆ. ಇಲ್ಲಿ ಬಂದು ಹದಿನೈದು ವರ್ಷಕ್ಕೆ ನನ್ನಿಂದ ಅವರು ಕಲಿತ ಮೊದಲ ವಿದ್ಯೆ ಅದು.

ರಜನಿ ಅವರೇ, ದುಡ್ಡನ್ನು ದುಡ್ಡಾಗಿಯೇ ಕೊಡಿ. ಇಲ್ಲಿನ ಮ್ಯಾನಾ ಫುಡ್‌ಬ್ಯಾಂಕ್‌ನ ಗೋದಾಮೇ ಸ್ವಾನನೋವಾ ನದಿಗೆ ಸಿಕ್ಕಿ ಹಾಳಾಯಿತು. ಆದರೂ ಬೇರೆ ಜಾಗದಿಂದ ಊಟ ಹಂಚುತ್ತಿದ್ದಾರೆ. ಅಂಥವರಿಗೆ ಕೊಟ್ಟರೆ ಯಾರಿಗೆ ಏನು ಬೇಕೋ ಅವರೇ ಕೊಳ್ಳುತ್ತಾರೆ. ಅರ್ಧ ಮಾತ್ರ ಈಗ ಕೊಡಿ. ಟಿವಿಯವರು ಹೊರಟುಹೋದ ಮೇಲೆ ಇನ್ನರ್ಧ ಬೇಕಾಗುತ್ತದೆ.

ಇನ್ನೊಂದು. ಸರ್ಕಾರ ಬರೀ 750 ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಕ್ಷಣದ ಊಟ, ಔಷಧಿಗೆ ಫೆಮಾ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆ, ಕೊಡುವ ಮೊದಲ ಕಂತು. ಮನೆ ರಿಪೇರಿ, ಬಾಡಿಗೆಗೆ ಬೇರೆ ಇದೆ. ಆ ಫಾರ್ವರ್ಡ್ ನಂಬಿ ಅರ್ಜಿಯನ್ನೇ ಹಾಕದವರನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ನಮ್ ಕೇರಿ ಹುಡುಗ · 2024 ಅಕ್ಟೋಬರ್ 8

ಸರಿ ಅಣ್ಣ. ನೀರು, ಡೈಪರ್ ಮಾತ್ರ ಇಲ್ಲೇ ರಾಲಿಯ ಸಂಗ್ರಹ ಕೇಂದ್ರಕ್ಕೆ ಕೊಡುತ್ತೇವೆ, ಅವರ ಲಾರಿಯಲ್ಲೇ ಹೋಗಲಿ. ಆ ಈಜುಡುಗೆ ನಮ್ಮದಲ್ಲ, ಪ್ರಮಾಣ.

ಮೂರ್ನಾಡು ಅಕ್ಕ · 2024 ಅಕ್ಟೋಬರ್ 9

ನಾನು ಕೊಡಗಿನಲ್ಲಿ ಹೋಂಸ್ಟೇ ನಡೆಸುವವಳು. ಅಮೆರಿಕ ನೋಡಿಲ್ಲ. ಆದರೆ ರಜನಿ ಆ ಬಟನ್ ಮುಂದೆ ಕೂತಿದ್ದಾಳಲ್ಲ, ಆ ಬಟನ್‌ನ ಈಚೆ ಬದಿಯಲ್ಲಿ ನಾನು ಕೂತಿದ್ದೇನೆ.

2018ರ ಆಗಸ್ಟ್. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಜನ ಸತ್ತರು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆಯೇ ಹೋಯಿತು. ಪ್ರವಾಸಿಗರು ಬರಬಾರದು ಅಂತ ಜಿಲ್ಲಾಡಳಿತ ಹೇಳಿತು. ಸರಿಯಾಗಿಯೇ ಹೇಳಿತು. ಆಗ ನಮ್ಮಲ್ಲಿಗೂ ಲೋಡ್ ಲೋಡ್ ಹಳೇ ಬಟ್ಟೆ ಬಂತು, ಬ್ರೆಡ್ ಬಂತು. ಬಕೆಟ್ ಚೊಂಬು ಹೇಳಿದ್ದೇ ಸರಿ.

ನಾನು ಹೇಳಬೇಕಾಗಿರುವುದು ಆಮೇಲಿನ ಕಥೆ. ಮಡಿಕೇರಿಯಲ್ಲಿ ಒಂದು ಮನೆ ಇಡಿಯಾಗಿ ಜಾರಿ ಕೆಳಗೆ ಬೀಳುವ ವಿಡಿಯೊ ನೀವೂ ನೋಡಿರುತ್ತೀರಿ. ಟಿವಿಯಲ್ಲಿ ಆ ಒಂದೇ ಮನೆ ದಿನಕ್ಕೆ ನೂರು ಸಲ ಬಿತ್ತು. ನೋಡಿದವರಿಗೆ ಇಡೀ ಕೊಡಗೇ ಬಿದ್ದಹಾಗಾಯಿತು. ನಮ್ಮ ಮನೆಯ ಒಂದು ಹೆಂಚೂ ಅಲುಗಿರಲಿಲ್ಲ. ವಿರಾಜಪೇಟೆ ಕಡೆ ಎಷ್ಟೋ ಹೋಂಸ್ಟೇಗಳಿಗೆ ಏನೂ ಆಗಿರಲಿಲ್ಲ. ಆದರೂ ದಸರಾ ರಜೆಯ ಬುಕಿಂಗ್ ಹೋಯಿತು, ಡಿಸೆಂಬರ್‌ದೂ ಹೋಯಿತು. ರಸ್ತೆ ತೆರೆದ ಮೇಲೂ ಫೋನ್ ಮಾಡಿ "ಅಕ್ಕ, ಈಗ ಬಂದರೆ ತಪ್ಪಾಗಲ್ವಾ?" ಅಂತ ಕೇಳುವವರು. ಪಾಪ, ಒಳ್ಳೆ ಮನಸ್ಸಿನಿಂದಲೇ. ನಮ್ಮ ಕಷ್ಟ ನೋಡಿ ಮಜಾ ಮಾಡಿದ ಹಾಗಾಗುತ್ತದೆ ಅಂತ ಅವರಿಗೆ ಅಳುಕು. ಆದರೆ ಅಡುಗೆಗೆ ಬರುವ ಇಬ್ಬರಿಗೆ ಕೆಲಸ ಇಲ್ಲ, ಜೀಪ್ ಓಡಿಸುವ ಹುಡುಗ ಕಂತು ಕಟ್ಟಲಾಗದೆ ಜೀಪ್ ಮಾರಿದ. ಅವರ ಹೆಸರು ಯಾವ ಸಂತ್ರಸ್ತರ ಪಟ್ಟಿಯಲ್ಲೂ ಇರಲಿಲ್ಲ. ಮನೆ ಬಿದ್ದಿರಲಿಲ್ಲವಲ್ಲ!

ಒಬ್ಬರು ಬೆಂಗಳೂರಿನ ಗಿರಾಕಿ, ಬ್ಯಾಂಕಿನಲ್ಲಿ ಕೆಲಸ. ಮುಂಗಡ ವಾಪಸ್ ಕೊಡುತ್ತೇನೆ ಅಂದೆ, ಬೇಡ ಅಂದರು. ಮೇಲಿಂದ ಐದು ಕೆಜಿ ಕಾಫಿಪುಡಿ, ಎರಡು ಕೆಜಿ ಮೆಣಸು ಕಳಿಸಿ, ಆಫೀಸಿನಲ್ಲಿ ಎಲ್ಲರಿಗೂ ಬೇಕಂತೆ ಅಂದರು. ಆಮೇಲೆ ನವೆಂಬರ್‌ನಲ್ಲಿ ಬಂದರು, ವಾರದ ನಡುವೆ, ನಾಲ್ಕು ದಿನ. ಗುಡ್ಡ ಕುಸಿದ ಜಾಗ ತೋರಿಸಿ ಅಂತ ಒಂದು ಸಲವೂ ಕೇಳಲಿಲ್ಲ.

ರಜನಿ, ಆ ಬಟನ್ ಒತ್ತಬೇಡಮ್ಮ. ಆ ಅಜ್ಜಿಗೆ ನೇರ ಮೆಸೇಜ್ ಮಾಡು. ದುಡ್ಡು ನಿಮ್ಮ ಹತ್ತಿರವೇ ಇರಲಿ, ಮುಂದೆ ಯಾವಾಗಲೋ ಬರುತ್ತೇವೆ ಅಂತ ಬರೆ. "ಮುಂದೆ ಬರುತ್ತೇವೆ" ಅನ್ನುವುದನ್ನು ಮರೆಯಬೇಡ. ಬರೀ ದುಡ್ಡು ಬಿಟ್ಟರೆ ಭಿಕ್ಷೆ ಕೊಟ್ಟ ಹಾಗಿರುತ್ತದೆ, ನಮ್ಮಂಥವರಿಗೆ ಅದು ಇಳಿಯುವುದಿಲ್ಲ.

ಷಾರ್ಲೆಟ್ ರಜನಿ · 2024 ಅಕ್ಟೋಬರ್ 10

ಅಕ್ಕ, ಓದಿ ಅತ್ತುಬಿಟ್ಟೆ. ಮೆಸೇಜ್ ಮಾಡಿದೆ. 2,000 ಡಾಲರ್ ಇವತ್ತೇ ಫುಡ್‌ಬ್ಯಾಂಕ್‌ಗೆ ಹೋಯಿತು. ಉಳಿದದ್ದು ಹಾಗೇ ಇಟ್ಟಿದ್ದೇವೆ. "ಯಾಕೆ ಇನ್ನೂ ಕೊಟ್ಟಿಲ್ಲ?" ಅಂತ ಗುಂಪಿನಲ್ಲಿ ಇಬ್ಬರು ಮುಖ ಊದಿಸಿಕೊಂಡಿದ್ದಾರೆ. ಅವರಿಗೆ ಈ ಪೇಜ್ ಲಿಂಕ್ ಕಳಿಸಿದ್ದೇನೆ.

ಷಾರ್ಲೆಟ್ ರಜನಿ · 2025 ಜುಲೈ 14

ಹಳೇ ಪ್ರಶ್ನೆ, ಆದರೂ ಆಮೇಲೆ ಏನಾಯಿತು ಅಂತ ಹೇಳದೆ ಇದ್ದರೆ ತಪ್ಪು.

ಆಶ್‌ವಿಲ್‌ಗೆ ಕುಡಿಯುವ ನೀರು ನವೆಂಬರ್ 18ಕ್ಕೆ ಬಂತು, 53 ದಿನ ಆದ ಮೇಲೆ. ಪ್ರವಾಸಿಗರೆಲ್ಲ ನೋಡಲು ಹೋಗುವ ಅಲ್ಲಿನ ಬಿಲ್ಟ್‌ಮೋರ್ ಬಂಗಲೆ ಅದಕ್ಕೂ ಮುಂಚೆ, ನವೆಂಬರ್ 2ಕ್ಕೇ ತೆರೆದಿತ್ತು. ನಾವು ಡಿಸೆಂಬರ್‌ನಲ್ಲಿ ಮೂರು ಕಾರಿನಲ್ಲಿ ಒಂದು ದಿನದ ಮಟ್ಟಿಗೆ ಹೋದೆವು. ಉಳಿದ 2,300 ಡಾಲರ್ ಏನು ಮಾಡಿದೆವು ಗೊತ್ತಾ? ಸ್ಟುಡಿಯೊ ಕಳೆದುಕೊಂಡು ಗೆಳತಿಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕುಂಬಾರಳ ಹತ್ತಿರ ಅರವತ್ತು ಕಾಫಿ ಲೋಟಕ್ಕೆ ಆರ್ಡರ್ ಕೊಟ್ಟೆವು. ಯುಗಾದಿ ಕಾರ್ಯಕ್ರಮದಲ್ಲಿ ಹಾಡಿದ, ಕುಣಿದ ಮಕ್ಕಳಿಗೆಲ್ಲ ಈ ಸಲ ಪ್ಲಾಸ್ಟಿಕ್ ಕಪ್ ಬದಲು ಆ ಲೋಟವೇ ಬಹುಮಾನ. ಮಿಕ್ಕ ದುಡ್ಡು ಮತ್ತೆ ಫುಡ್‌ಬ್ಯಾಂಕ್‌ಗೆ. ಬಕೆಟ್ ಚೊಂಬು ಅವರ ಮನೆಯಲ್ಲಿ ಉಪ್ಪಿಟ್ಟು ತಿಂದೆವು. ನಲ್ಲಿ ತಿರುಗಿಸಿ ತೋರಿಸಿದರು.

ಐ-40 ಮಾರ್ಚ್ 1ಕ್ಕೆ ಆ ಕಡೆ ಒಂದು, ಈ ಕಡೆ ಒಂದು ಲೇನ್ ಅಂತ ತೆರೆಯಿತು. ಚಿಮ್ನಿ ರಾಕ್ ಪಾರ್ಕ್ ಹೋದ ತಿಂಗಳು 27ಕ್ಕೆ ತೆರೆಯಿತು. ಮೊನ್ನೆ ಶುಕ್ರವಾರ ಹೋಗಿ ಬಂದೆವು. ಹಳೇ ಸೇತುವೆ ಇಲ್ಲ, ತಾತ್ಕಾಲಿಕ ಸೇತುವೆ ಮೇಲೆ ಹೋಗಬೇಕು. ಬೆಟ್ಟದ ಮೈಮೇಲೆ ಅಲ್ಲಲ್ಲಿ ಉಗುರಿನಲ್ಲಿ ಗೀರಿದ ಹಾಗೆ ಕಂದು ಗೆರೆಗಳು. ಪೆನ್ಸಿಲ್ವೇನಿಯಾ ಕಡೆಯಿಂದ ಬಂದ ಆಮಿಶ್ ಜನ (ಹಳೇ ಕಾಲದ ಹಾಗೆ ಸರಳವಾಗಿ ಬದುಕುವ ಕ್ರೈಸ್ತ ಪಂಗಡದವರು) ಹಳ್ಳಿಯಲ್ಲಿ ಅಂಗಡಿಗಳನ್ನು ಮತ್ತೆ ಎತ್ತಿ ನಿಲ್ಲಿಸಲು ಕೈಜೋಡಿಸಿದ್ದಾರೆ. ಕೆಲವು ಜಾಗ ಇನ್ನೂ ಬರೀ ಕಲ್ಲು. ಲೇಕ್ ಲೂರ್‌ನಲ್ಲಿ ದೋಣಿ ಇಲ್ಲ, ಹೂಳು ತೆಗೆಯುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಎರಡು ಅಂಗಡಿಯಲ್ಲಿ ಬೇಕಾದ್ದು, ಬೇಡದ್ದು ಎಲ್ಲ ಕೊಂಡೆವು. ನಮ್ಮ ಯಜಮಾನರ ಹತ್ತಿರ ಈಗ ಕರಡಿ ಚಿತ್ರದ ಟೋಪಿ ಇದೆ.

ಅಜ್ಜಿಯ ಕ್ಯಾಬಿನ್ ನಿಂತಿದೆ. ಅಲ್ಲಿಗೆ ಹೋಗುವ ಮಣ್ಣಿನ ರಸ್ತೆ ಹೋಗಿದೆ. ಮಗಳ ಮನೆಯಲ್ಲೇ ಭೇಟಿಯಾದೆವು. ಅತ್ತೆ ಈ ಸಲ ಮೈಸೂರಿನಿಂದ ಬಂದಿಲ್ಲ, ಒಬ್ಬಟ್ಟು ನಾನೇ ಮಾಡಿದ್ದೆ, ಅಂಚು ಸ್ವಲ್ಪ ಸೀದಿತ್ತು. 640 ಡಾಲರ್ ಚೆಕ್ ಬರೆದು ಇಟ್ಟುಕೊಂಡಿದ್ದರು. ನಾವು ತೆಗೆದುಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರ್ ತಿರುಗಿಸಿ ಅಕ್ಟೋಬರ್ 17ರ ಮನೆಯಲ್ಲಿ ನಮ್ಮ ಹೆಸರು ಬರೆದರು. ಪೆನ್ಸಿಲ್‌ನಲ್ಲಿ. ರಸ್ತೆ ಆದರೆ ಪೆನ್ನಿನಲ್ಲಿ ತಿದ್ದುತ್ತಾರಂತೆ.

ಈಗ ಪಾರ್ಕ್‌ಗೆ ಹೋಗುವವರು ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿಕೊಂಡು ಹೋಗಿ. ಊಟ ಮಾತ್ರ ಕಟ್ಟಿಕೊಂಡು ಹೋಗಬೇಡಿ, ಅಲ್ಲೇ ತಿನ್ನಿ. ಚಿತ್ರಾನ್ನ ಮನೆಗೆ ಬಂದ ಮೇಲೂ ತಿನ್ನಬಹುದು.

ಮೂರ್ನಾಡು ಅಕ್ಕ · 2025 ಜುಲೈ 15

ಮೈದಾದಲ್ಲಿ ಮಾಡಿದೆಯಾ, ಚಿರೋಟಿ ರವೆಯಲ್ಲಾ? ಅಂಚು ಸೀಯುವುದು ಕಾವಲಿ ಜಾಸ್ತಿ ಕಾದರೆ. ಅಕ್ಟೋಬರ್‌ಗೆ ಮುಂಚೆ ಒಂದು ಸಲ ಫೋನ್ ಮಾಡು.