ಚಿಕ್ಕಪ್ಪ ಹಾಕಿದ ಜೋಡಿ ಫೋಟೋ

(ಮನೆಯವರ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ಶ್ರೀಪಾದ ಚಿಕ್ಕಪ್ಪ: 📷 ಎಡಗಡೆ ಗೃಹಪ್ರವೇಶದ ದಿನದ ಸೌಮ್ಯಾ, ಬಲಗಡೆ ಮೊನ್ನೆಯ ಸೌಮ್ಯಾ. 112 ಕಿಲೋ ಇದ್ದವಳು 84! ತೂಕ ಇಳಿಸುವ ಆಪರೇಷನ್ ಆಗಿ ಐದೇ ತಿಂಗಳು.

ಗೀತತ್ತೆ: ಮುಖದ ಕಳೆಯೇ ಹೋಗಿದೆಯಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳುವ ಬದಲು ರಾತ್ರಿ ಊಟ ಬಿಟ್ಟಿದ್ದರೆ ಸಾಲದಾಗಿತ್ತೇ? ಈಗಿನವರಿಗೆ ಎಲ್ಲವೂ ಸುಲಭದಲ್ಲಿ ಆಗಬೇಕು.

ಮಂಜು: ಸುಲಭವೇ ಅತ್ತೆ? ಜಠರದ ಮುಕ್ಕಾಲು ಪಾಲು ತೆಗೆದಿದ್ದಾರೆ. ಮೊದಲ ಎರಡು ವಾರ ಬರೀ ತಿಳಿ ಸಾರು, ನೀರು ಮಜ್ಜಿಗೆ. ಅದನ್ನೂ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಟ್ಟವನು ನಾನು.

ಗೀತತ್ತೆ: ನಾನು ಮೂವತ್ತು ವರ್ಷದಿಂದ ಸಂಕಷ್ಟಿ ಮಾಡುತ್ತಿದ್ದೇನೆ. ನನ್ನ ಫೋಟೋ ಯಾರೂ ಹಾಕಲಿಲ್ಲ.

ಪ್ರಭಾ: ಚಂದ್ರ ಕಂಡ ಮೇಲೆ ನೀವು ಉಣ್ಣುವುದನ್ನು ನಾವೂ ಕಂಡಿದ್ದೇವೆ ಅತ್ತೆ 😄

ಸೌಮ್ಯಾ: ಚಿಕ್ಕಪ್ಪ, ಫೋಟೋ ಅಳಿಸಿ. ನನ್ನನ್ನು ಕೇಳಿ ಹಾಕಿದ್ದಲ್ಲ. ಎಡಗಡೆಯವಳೂ ನಾನೇ. ಆ ದಿನ ನಿಮಗೆಲ್ಲ ಹೋಳಿಗೆ ತಟ್ಟಿದವಳು ಅವಳು.

ಗೀತತ್ತೆ, ನನಗೀಗ ಒಂದು ಇಡ್ಲಿಗೆ 25 ನಿಮಿಷ ಬೇಕು. ಅವಸರ ಮಾಡಿದರೆ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗಾಗುತ್ತದೆ, ಬಾಯಿ ತುಂಬ ನೊರೆ ಬರುತ್ತದೆ, ಬಚ್ಚಲಿಗೆ ಓಡುತ್ತೇನೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಮುಗಿದು ಅರ್ಧ ಗಂಟೆ ಕಾಯಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು; ಬೇಳೆ, ಪನೀರು ತಿನ್ನುವ ನನಗೆ ಇಷ್ಟು ಸಣ್ಣ ಹೊಟ್ಟೆಯಲ್ಲಿ ಅದಕ್ಕೆ ಜಾಗ ಹುಡುಕುವುದೇ ದಿನದ ಕೆಲಸ. ಬಿ12 ಮತ್ತು ಕ್ಯಾಲ್ಸಿಯಂ ಬದುಕಿರುವ ತನಕ. ಮೂರನೆಯ ತಿಂಗಳಿಂದ ಕೂದಲು ಉದುರುತ್ತಿದೆ. ಮತ್ತೆ ಬರುತ್ತದೆ ಎನ್ನುತ್ತಾರೆ ಡಾಕ್ಟರು. ಬರುವ ತನಕ ಬಾಚಣಿಗೆಯನ್ನು ನೋಡದೆ ತಲೆ ಬಾಚುತ್ತೇನೆ.

ಇದೆಲ್ಲವನ್ನೂ ಮೊದಲೇ ಹೇಳಿದ್ದರು. ಸಂಜೆಯ ವಿಷಯ ಹೇಳಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಬೇಸರವಾದರೆ ಕೋಡುಬಳೆ ಡಬ್ಬಿ ತೆಗೆಯುತ್ತಿದ್ದೆ. ಈಗ ಬೇಸರವೂ ಇದೆ, ಡಬ್ಬಿಯೂ ಇದೆ. ಕೈ ಮಾತ್ರ ಮಡಿಲಲ್ಲೇ ಇರುತ್ತದೆ. ಅದಕ್ಕೇ ತಿಂಗಳಿಗೆರಡು ಬಾರಿ ಆಪ್ತ ಸಮಾಲೋಚಕರ ಬಳಿ ಹೋಗುತ್ತಿದ್ದೇನೆ. ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಎರಡರಿಂದ ಅರ್ಧಕ್ಕೆ ಇಳಿದಿದೆ, ಮೆಟ್ಟಿಲು ಹತ್ತುತ್ತೇನೆ.

ಶ್ರೀಪಾದ ಚಿಕ್ಕಪ್ಪ: ಹೊಗಳಿದರೂ ತಪ್ಪೇನಮ್ಮ? ಹೆಮ್ಮೆಯಿಂದ ಹಾಕಿದೆ. ಪಕ್ಕದ ಮನೆಯವರಿಗೂ ಕಳಿಸಿದ್ದೇನೆ, ಅವರ ಮಗನಿಗೆ ಉಪಯೋಗವಾಗಲಿ ಎಂದು.

ಮಂಜು: ಪಕ್ಕದ ಮನೆಗೂ?!

ಪ್ರಭಾ: ಆ ಹುಡುಗನಿಗೆ ಸ್ವಲ್ಪ ಬೊಜ್ಜು ಬಂದಿದೆ, ಅಷ್ಟೇ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27.5 ದಾಟಿದ ಮೇಲೆಯೇ ಈ ಆಪರೇಷನ್ ಮಾತು. ಇದು ಹೊಲಿಗೆಯವನ ಬಳಿ ಅಂಗಿ ಸಣ್ಣ ಮಾಡಿಸುವ ಕೆಲಸವಲ್ಲ ಚಿಕ್ಕಪ್ಪ.

ಗೀತತ್ತೆ: ಕೂದಲಿನ ವಿಷಯ ನನಗೆ ಗೊತ್ತಿರಲಿಲ್ಲ. ಬರುವ ವಾರ ಸತ್ಯನಾರಾಯಣ ಪೂಜೆಗೆ ಬರುತ್ತೀಯಲ್ಲ, ನಿನಗೆ ಏನು ಮಾಡಲಿ?

ಸೌಮ್ಯಾ: ಹೆಸರುಬೇಳೆ ತೊವ್ವೆ, ತೆಳ್ಳಗೆ. ಬಟ್ಟಲು ನಾನೇ ತರುತ್ತೇನೆ. ಸಜ್ಜಿಗೆ ಕಡಲೆಕಾಳಿನಷ್ಟು ಸಾಕು. ಸಿಹಿ ಹೆಚ್ಚಾದರೆ ಬೆವರಿ, ಎದೆ ಹೊಡೆದುಕೊಂಡು ಮಲಗಬೇಕಾಗುತ್ತದೆ.

ಗೀತತ್ತೆ: ಪ್ರಸಾದ ಒಂದು ಚಮಚವಾದರೂ ತಿನ್ನಬೇಕಪ್ಪ.

ಸೌಮ್ಯಾ: ಕಡಲೆಕಾಳಿನಷ್ಟು, ಅತ್ತೆ.

ಶ್ರೀಪಾದ ಚಿಕ್ಕಪ್ಪ: ಇಲ್ಲಿಯದನ್ನು ಅಳಿಸಿದೆ. ಪಕ್ಕದ ಮನೆಯವರದ್ದಕ್ಕೆ ನೀಲಿ ಗೀಟು ಬಂದುಬಿಟ್ಟಿದೆ.