ಕೇದಗೆ ಮುಂದಲೆ ಮೆಷಿನ್ ಕಸೂತಿ ಡಿಸೈನ್: 32 ಸಾವಿರ ಹೊಲಿಗೆ, ದಾರ ಕಡಿತ, ನಿರಿಗೆ

ಸೂಜಿಮನೆ, ಶಿರಸಿ
ಯಕ್ಷಗಾನ ಬಡಗುತಿಟ್ಟಿನ ಕೇದಗೆ ಮುಂದಲೆಯ (ವೇಷದ ತಲೆಯುಡುಗೆ) ಫೋಟೊ, ಹಿಂದಿನ ಬಟ್ಟೆಯ ಪರದೆ ಸಮೇತ. ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬಿಡಿಸುವ ಸಾಫ್ಟ್‌ವೇರ್) 8 ಬಣ್ಣಕ್ಕೆ ಟ್ರೇಸ್ ಬಿಟ್‌ಮ್ಯಾಪ್ (ಫೋಟೊವನ್ನು ಬಣ್ಣದ ಆಕಾರಗಳಾಗಿಸುವುದು), ಅದರ ಕಸೂತಿ ಎಕ್ಸ್‌ಟೆನ್ಶನ್ ಇಂಕ್‌ಸ್ಟಿಚ್‌ನಿಂದ ಮೆಷಿನ್ ಓದುವ ಪಿಇಎಸ್ ಫೈಲ್. ಅಳತೆ 90×90 ಮಿಮೀ, ಹತ್ತಿ ಕೈಚೀಲದ ಬಟ್ಟೆ. ಹೊಲಿಗೆಯನ್ನು ಮೊದಲೇ ತೋರಿಸುವ ಸಿಮ್ಯುಲೇಟರ್ 32 ಸಾವಿರ ಹೊಲಿಗೆ ತೋರಿಸುತ್ತಿದೆ. ಅರ್ಧಕ್ಕೇ ದಾರ ಕಡಿಯುತ್ತದೆ, ಸುತ್ತ ನಿರಿಗೆ, ಕಪ್ಪು ಅಂಚು 1 ಮಿಮೀ ಆಚೆ ಬೀಳುತ್ತದೆ. ದಾರದ ಬಿಗಿ (ಟೆನ್ಶನ್) ಸಡಿಲಿಸಿದರೂ ಅಷ್ಟೇ.

ಬಾಬಿನ್, ಅಂಕೋಲಾ
ಟೆನ್ಶನ್ ಮೊದಲಿದ್ದಲ್ಲಿಗೇ ತನ್ನಿ ಮಾರಾಯ್ರೆ, ತಪ್ಪು ಫೈಲಿನಲ್ಲಿದೆ. 90×90 ಅಂದರೆ 8100 ಚದರ ಮಿಮೀ. ಸಾಲಿನ ಅಂತರ 0.25, ಹೊಲಿಗೆ ಉದ್ದ 3 ಮಿಮೀ ಇಟ್ಟರೆ ಒಂದು ಪದರಕ್ಕೆ 10,800 ಹೊಲಿಗೆ. ನಿಮ್ಮದು 32 ಸಾವಿರ, ಅಂದರೆ ಸರಾಸರಿ ಮೂರು ಪದರ. ಟ್ರೇಸ್ ಮಾಡುವಾಗ 'ಸ್ಟ್ಯಾಕ್' ಟಿಕ್ ಆಗಿತ್ತಲ್ಲವೇ? ಅದು ಒಂದು ಬಣ್ಣದ ಅಡಿಗೆ ಇನ್ನೊಂದನ್ನು ಪೂರ್ತಿ ಹಾಸುತ್ತದೆ. ಕಂಪ್ಯೂಟರಿನಲ್ಲಿ ಚೆಂದ, ಸೂಜಿಗೆ ಗೋಡೆ.

ಮೊದಲು ಫೋಟೊದ ಹಿಂದಿನ ಪರದೆಯನ್ನು ಅಳಿಸಿ, ಬಟ್ಟೆಯೇ ಹಿನ್ನೆಲೆಯಾಗಲಿ. ಸ್ಟ್ಯಾಕ್ ತೆಗೆದು 5 ಬಣ್ಣಕ್ಕೆ ಮತ್ತೆ ಟ್ರೇಸ್ ಮಾಡಿ, ಪುಡಿ ಚುಕ್ಕೆಗಳನ್ನೆಲ್ಲ ಡಿಲೀಟ್ ಮಾಡಿ. ಇಂಕ್‌ಸ್ಟಿಚ್‌ನ ಪ್ಯಾರಾಮ್ಸ್‌ನಲ್ಲಿ (ಹೊಲಿಗೆ ಸೆಟ್ಟಿಂಗ್) ಸಾಲಿನ ಅಂತರ 0.4 ಕೊಡಿ, 40 ನಂಬರ್ ದಾರಕ್ಕೆ ಅಷ್ಟು ಸಾಕು. ಅಂಡರ್‌ಲೇ (ಅಡಿಯ ವಿರಳ ಹೊಲಿಗೆ) ಇರಲಿ, ಮೇಲಿನ ಹೊಲಿಗೆಗೆ 90 ಡಿಗ್ರಿ ಅಡ್ಡ, ಅಂತರ 2 ಮಿಮೀ. ಅದರಿಂದ ಹೊಲಿಗೆ ಐದರಲ್ಲೊಂದು ಪಾಲು ಹೆಚ್ಚುತ್ತದೆ, ಆದರೆ ಬಟ್ಟೆ ಜಗ್ಗುವುದಿಲ್ಲ.

ಸೂಜಿಮನೆ, ಶಿರಸಿ
ಹೌದು, ಸ್ಟ್ಯಾಕ್ ಇತ್ತು. ಈಗ 7 ಸಾವಿರದೊಳಗೆ ಬಂತು, ದಾರ ಕಡಿಯಲಿಲ್ಲ. ಆದರೆ ಕೆಂಪು–ಹಳದಿ ನಡುವೆ ಬಟ್ಟೆ ಕಾಣುತ್ತದೆ. 0.6 ಮಿಮೀ ಚಿನ್ನದ ಗೆರೆಗಳು ಗಂಟುಗಂಟು.

ಬಾಬಿನ್, ಅಂಕೋಲಾ
ಹೊಲಿಗೆ ತನ್ನ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆಳೆಯುತ್ತದೆ, ಅದಕ್ಕೇ ಸಂದು. ಅಡಿಯ ಬಣ್ಣಕ್ಕೆ ಆಕಾರವನ್ನು ಹಿಗ್ಗಿಸುವ 'ಎಕ್ಸ್‌ಪ್ಯಾಂಡ್' 0.3 ಮಿಮೀ ಕೊಡಿ, ಎಲ್ಲಕ್ಕೂ ಬೇಡ. 1 ಮಿಮೀಗಿಂತ ಸಣ್ಣ ಗೆರೆಗೆ ಸ್ಯಾಟಿನ್ (ಒತ್ತೊತ್ತಾದ ಅಡ್ಡ ಹೊಲಿಗೆ) ಕೊಟ್ಟರೆ ಸೂಜಿ ಒಂದೇ ಜಾಗ ಕುಟ್ಟುತ್ತದೆ, 1.2ಕ್ಕೆ ದಪ್ಪ ಮಾಡಿ, ಇಲ್ಲವೇ ಬೀನ್ ಸ್ಟಿಚ್ (ಒಂದೇ ಗೆರೆಯ ಮೇಲೆ ಹಿಂದುಮುಂದಾಗಿ ಮತ್ತೆ ಹೊಲಿಯುವುದು) ಹಾಕಿ. ಇಂಕ್‌ಸ್ಕೇಪ್‌ನಲ್ಲಿ ಕೆಳಗಿರುವ ಆಬ್ಜೆಕ್ಟ್ ಮೊದಲು ಹೊಲಿಯುತ್ತದೆ. ಕಪ್ಪು ಅಂಚು ಎಲ್ಲಕ್ಕಿಂತ ಮೇಲಿರಬೇಕು.

ಚೌಕಟ್ಟು, ಕಾರವಾರ
ಒಂದು ಮಾತು ಬಿಟ್ಟುಹೋಗಿದೆ. ಬಟ್ಟೆಯ ಅಡಿಗೆ ಆಧಾರವಾಗಿ ಇಡುವ, ಹರಿದು ತೆಗೆಯುವ ಪೇಪರ್ ಇಷ್ಟು ತುಂಬು ಡಿಸೈನಿಗೆ ಸಾಲದು, ಸೂಜಿ ತೂತಿನ ಸಾಲಿಗೇ ಅದು ಬಿಟ್ಟುಕೊಳ್ಳುತ್ತದೆ. ಕತ್ತರಿಸಿ ತೆಗೆಯುವುದನ್ನೇ ಬಟ್ಟೆಯ ಜೊತೆ ಹೂಪಿಗೆ (ಕಸೂತಿ ಚೌಕಟ್ಟು) ಬಿಗಿಯಿರಿ. ಮಳೆಗಾಲವಾದರೆ ಬಟ್ಟೆಗೆ ಮೊದಲು ಇಸ್ತ್ರಿ. ಹೂಪಿಗೆ ಹಾಕಿದ ಮೇಲೆ ಅಂಚು ಹಿಡಿದು ಎಳೆಯಬೇಡಿ, ಹೂಪು ಬಿಚ್ಚಿದ ಕೂಡಲೇ ಅದೇ ನಿರಿಗೆಯಾಗುತ್ತದೆ. 75/11 ಅಳತೆಯ ಹೊಸ ಸೂಜಿ ಹಾಕಿ, ಇದೇ ಬಟ್ಟೆಯ ತುಂಡಿನ ಮೇಲೆ ಒಮ್ಮೆ ಹೊಲಿದು ನೋಡಿ.

ಸೂಜಿಮನೆ, ಶಿರಸಿ
ಪೇಪರ್ ಬದಲಿಸಿದೆ, ಅಂಚು ಸರಿಯಾಗಿ ಕೂತಿತು. ಹಳದಿಗೆ ಎಕ್ಸ್‌ಪ್ಯಾಂಡ್ 0.2 ಸಾಕಾಯಿತು.